ಕಿತ್ತೂರಿನಲ್ಲಿ ಗಂಟೆ ಬಾರಿಸಿದ ಸತ್ಯನಾರಾಯಣ



ನಿಮ್ಮ ಜೇಬಿನಲ್ಲಿರುವ ಮೊಬೈಲು ಯಾವ ಕಂಪನಿಯದು ಎಂದು ಕೇಳಿದರೆ ಥಟ್ಟನೆ ಹೇಳುತ್ತೀರಿ. ಅದರ ಕ್ಯಾಮೆರಾ ಎಂಥದ್ದು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಅದನ್ನೂ ಹೇಳುತ್ತೀರಿ. ನನ್ನದು ಒಂದೇ ಪ್ರಶ್ನೆ. ನಮ್ಮ ಹುಡುಗರೇ ಹಳ್ಳಿಗಳಿಗೆಂದು ತಯಾರಿಸಿದ ಸಿ-ಡಾಟ್ ಟೆಲಿಫೋನ್ ಎಕ್ಸ್‌ಚೇಂಜ್ ಮೊಟ್ಟಮೊದಲು ಚಾಲೂ ಆದದ್ದು ಯಾವ ಊರಿನಲ್ಲಿ?

ದೆಹಲಿ ಅಲ್ಲ, ಮುಂಬಯಿ ಅಲ್ಲ. ಕಿತ್ತೂರು! ಹೌದು ಸ್ವಾಮಿ, ನಮ್ಮ ಚೆನ್ನಮ್ಮನ ಕಿತ್ತೂರು. 1824ರಲ್ಲಿ ಥ್ಯಾಕರೆಯನ್ನು ಕೆಡವಿದ ಅದೇ ನೆಲದಲ್ಲಿ, 1986ರ ಜುಲೈ ತಿಂಗಳಲ್ಲಿ, 128 ಲೈನಿನ ಪುಟ್ಟ ಎಕ್ಸ್‌ಚೇಂಜ್ ಕೆಲಸ ಶುರು ಮಾಡಿತು. ಅದರ ಹಿಂದೆ ನಿಂತಿದ್ದ ಮನುಷ್ಯ ಸ್ಯಾಮ್ ಪಿತ್ರೋಡಾ.

ಈ ಹೆಸರು ಕೇಳಿದ ಕೂಡಲೇ ನಿಮ್ಮಲ್ಲಿ ಕೆಲವರ ಹುಬ್ಬು ಗಂಟಿಕ್ಕುತ್ತದೆ, ಗೊತ್ತು. 2024ರ ಮೇ ತಿಂಗಳಲ್ಲಿ ಇದೇ ಮನುಷ್ಯ, ದಕ್ಷಿಣದವರು ಆಫ್ರಿಕನ್ನರ ಹಾಗೆ ಕಾಣುತ್ತಾರೆ ಎಂದು ಹೇಳಿ, ದೇಶವೆಲ್ಲ ಬೈದ ಮೇಲೆ ಕಾಂಗ್ರೆಸ್ಸಿನ ಸಾಗರೋತ್ತರ ಘಟಕದ ಹುದ್ದೆಗೆ ರಾಜೀನಾಮೆ ಕೊಟ್ಟರು. ಮುಂದಿನ ತಿಂಗಳೇ ಮತ್ತೆ ಅದೇ ಕುರ್ಚಿಗೆ ಬಂದರು. ಆ ಮಾತು ತಪ್ಪು, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಒಂದು ಮಾತಿಗಾಗಿ ಆತನ ಕೆಲಸವನ್ನೆಲ್ಲ ಕಸದ ಬುಟ್ಟಿಗೆ ಹಾಕಿದರೆ ನಷ್ಟ ಆತನಿಗಲ್ಲ, ನಮಗೆ. ಪಕ್ಷದ ಬಾವುಟ ಪಕ್ಕಕ್ಕಿಟ್ಟು ಐದು ನಿಮಿಷ ಓದಿ.

ಮನೆಯಲ್ಲಿ ಇಟ್ಟ ಹೆಸರು ಸತ್ಯನಾರಾಯಣ. 1942ರಲ್ಲಿ ಒರಿಸ್ಸಾದ ತಿತ್ಲಾಗಢ ಎಂಬ ಮೂಲೆಯ ಊರಿನಲ್ಲಿ ಹುಟ್ಟಿದ್ದು. ಮನೆಮಾತು ಗುಜರಾತಿ, ಕುಲಕಸುಬು ಬಡಗಿ ಕೆಲಸ. ಬರೋಡಾದಲ್ಲಿ ಫಿಸಿಕ್ಸ್ ಓದಿ 1964ರಲ್ಲಿ ಅಮೆರಿಕದ ಶಿಕಾಗೋಗೆ ಹೋದರು. ಅಲ್ಲಿಗೆ ಹೋಗುವ ತನಕ ಈ ಮನುಷ್ಯ ಒಮ್ಮೆಯೂ ಟೆಲಿಫೋನ್ ಬಳಸಿರಲಿಲ್ಲ! ಅಲ್ಲಿ ಕೆಲಸಕ್ಕೆ ಸೇರಿದಾಗ ಸಂಬಳದ ಚೆಕ್ ಬರೆಯುವ ಹೆಂಗಸು, ಈ ಹೆಸರು ಬಲು ಉದ್ದ ಎಂದು ಸತ್ಯನಾರಾಯಣನನ್ನು 'ಸ್ಯಾಮ್' ಮಾಡಿಬಿಟ್ಟಳಂತೆ. ಕಾಲ್ ಸೆಂಟರಿನಲ್ಲಿ ಕೂತು ಮಂಜುನಾಥ 'ಮೈಕ್' ಆಗಿದ್ದನ್ನು ಕಂಡ ಬೆಂಗಳೂರಿನ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಸರು ಹೋಯಿತು, ತಲೆ ಹೋಗಲಿಲ್ಲ. ಡಿಜಿಟಲ್ ಸ್ವಿಚಿಂಗ್ ಆಗತಾನೆ ಹುಟ್ಟುತ್ತಿದ್ದ ಕಾಲ. ಜಿ.ಟಿ.ಇ. ಕಂಪನಿಯಲ್ಲಿ ಅದನ್ನೇ ಕಲಿತು, 1974ರಲ್ಲಿ ವೆಸ್ಕಾಮ್ ಸ್ವಿಚಿಂಗ್ ಎಂಬ ಕಂಪನಿ ಕಟ್ಟಿ, ಹತ್ತಾರು ಪೇಟೆಂಟ್ ಪಡೆದರು. 1980ರಲ್ಲಿ ಆ ಕಂಪನಿಯನ್ನು ರಾಕ್‌ವೆಲ್ ಎಂಬ ದೈತ್ಯ ಕೊಂಡುಕೊಂಡಿತು. ಕೈಗೆ ಲಕ್ಷಾಂತರ ಡಾಲರ್ ಬಂತು. ವಯಸ್ಸು ಇನ್ನೂ ನಲವತ್ತು ದಾಟಿರಲಿಲ್ಲ. ಅಲ್ಲೇ ಕಾಲು ಚಾಚಿ ಮಲಗಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಇಲ್ಲಿನ ಸ್ಥಿತಿ ಆಗ ಹೇಗಿತ್ತು? 70 ಕೋಟಿ ಜನರ ದೇಶದಲ್ಲಿ 25 ಲಕ್ಷವೂ ಇಲ್ಲದಷ್ಟು ಫೋನು. ಸಾರ್ವಜನಿಕ ಫೋನು ಸುಮಾರು 12,000. ನೂರಕ್ಕೆ 97 ಹಳ್ಳಿಗೆ ಫೋನೇ ಇಲ್ಲ. ದೆಹಲಿಗೆ ಬಂದ ಪಿತ್ರೋಡಾ ಹೋಟೆಲಿನಿಂದ ಶಿಕಾಗೋದಲ್ಲಿದ್ದ ಹೆಂಡತಿಗೆ ಫೋನ್ ಮಾಡಲು ಒದ್ದಾಡಿದರಂತೆ, ಲೈನು ಸಿಗಲಿಲ್ಲ. ಕಿಟಕಿಯಿಂದ ನೋಡಿದರೆ ಬೀದಿಯಲ್ಲಿ ಕೆಟ್ಟ ಫೋನುಗಳನ್ನು ಹೆಣದ ಹಾಗೆ ಹೊತ್ತುಕೊಂಡು ಮೆರವಣಿಗೆ! ಇದನ್ನು ಅವರೇ ಬರೆದುಕೊಂಡಿದ್ದಾರೆ.

ನಾನು ಅಚ್ಚಿನವನು. ಆ ಕಾಲದ ಸಾಕ್ಷಿ ನನ್ನ ಪ್ರೆಸ್ಸಿನಲ್ಲೇ ಇದೆ. ನಮ್ಮಪ್ಪ ಟ್ರೆಡಲ್ ಮಷೀನಿನಲ್ಲಿ ಮೊಳೆ ಜೋಡಿಸಿ ಹೊಡೆದ ಹಳೆಯ ವಿಸಿಟಿಂಗ್ ಕಾರ್ಡುಗಳ ಒಂದು ಕಟ್ಟು ಇಟ್ಟುಕೊಂಡಿದ್ದೇನೆ. ಹೆಚ್ಚಿನವುಗಳಲ್ಲಿ ಫೋನ್ ನಂಬರೇ ಇಲ್ಲ. ಇದ್ದರೆ ಅದರ ಮುಂದೆ 'ಪಿ.ಪಿ.' ಎಂಬ ಎರಡಕ್ಷರ. ಅಂದರೆ ಏನು ಗೊತ್ತೇ? ಫೋನು ನನ್ನದಲ್ಲ, ಪಕ್ಕದ ಮನೆಯವರದು, ದಯವಿಟ್ಟು ಕರೆಯಲು ಹೇಳಿ ಎಂದರ್ಥ. ವಕೀಲರಿಗೂ ಪಿ.ಪಿ., ಲಾರಿ ಮಾಲೀಕರಿಗೂ ಪಿ.ಪಿ.! ಸ್ವಂತ ಫೋನಿಗೆ ಅರ್ಜಿ ಹಾಕಿದರೆ ವರ್ಷಗಟ್ಟಲೆ ಕಾಯಬೇಕಿತ್ತು.

ಫೋನು ತಯಾರಿಸುವ ಕಾರ್ಖಾನೆ ನಮ್ಮಲ್ಲಿ ಇರಲಿಲ್ಲವೇ? ಇತ್ತಲ್ಲ! 1948ರಲ್ಲೇ ಬೆಂಗಳೂರಿನಲ್ಲಿ ಐ.ಟಿ.ಐ. ಹುಟ್ಟಿತ್ತು. ದೂರವಾಣಿನಗರ ಎಂಬ ಬಡಾವಣೆಗೆ ಆ ಹೆಸರು ಬಂದದ್ದೇ ಅದರಿಂದ. ಆದರೆ ನಕ್ಷೆ ಪರದೇಶದ್ದು. ಮೊದಲು ಇಂಗ್ಲೆಂಡಿನ ಸ್ಟ್ರೌಜರ್, ಆಮೇಲೆ ಬೆಲ್ಜಿಯಂನ ಕ್ರಾಸ್‌ಬಾರ್, ಆಮೇಲೆ ಉತ್ತರ ಪ್ರದೇಶದ ಮಂಕಾಪುರದಲ್ಲಿ ಫ್ರಾನ್ಸಿನ ಅಲ್ಕಾಟೆಲ್. ಕೈ ನಮ್ಮದು, ತಲೆ ಬೇರೆಯವರದು.

ಇದರಲ್ಲಿ ಏನು ತಪ್ಪು ಎನ್ನುತ್ತೀರಾ? ನನ್ನ ಕಸುಬಿನ ಉದಾಹರಣೆ ಕೊಡುತ್ತೇನೆ. ಹೊರದೇಶದ ಅಚ್ಚಿನ ಮಷೀನು ಚೆನ್ನಾಗಿಯೇ ಓಡುತ್ತದೆ, ಎ.ಸಿ. ಕೋಣೆ ಕೊಟ್ಟರೆ, ಧೂಳು ಬರದಿದ್ದರೆ, ಕರೆಂಟು ಏರಿಳಿಯದಿದ್ದರೆ. ನಮ್ಮ ಗಲ್ಲಿಯ ಪ್ರೆಸ್ಸಿಗೆ ತಂದರೆ ವಾರಕ್ಕೊಮ್ಮೆ ಮೆಕ್ಯಾನಿಕ್ ಬರಬೇಕು. ಎಕ್ಸ್‌ಚೇಂಜ್ ಕಥೆಯೂ ಅಷ್ಟೇ. ಪರದೇಶದ ಯಂತ್ರಗಳು ಸಾವಿರಾರು ಲೈನಿನ ಪಟ್ಟಣಕ್ಕೆ ಹೊಲಿದ ಅಂಗಿ. ನೂರು ಲೈನು ಬೇಕಾದ ಹಳ್ಳಿಗೆ ಅದನ್ನು ತೊಡಿಸಿದರೆ ದುಡ್ಡೂ ದಂಡ, ಅಳತೆಯೂ ತಪ್ಪು. ಇನ್ನೊಂದು ಸೂಕ್ಷ್ಮ ಇದೆ. ಅಮೆರಿಕದಲ್ಲಿ ಮನೆಮನೆಗೂ ಫೋನು, ಒಂದು ಫೋನಿನ ಮೇಲೆ ಬೀಳುವ ಭಾರ ಕಡಿಮೆ. ನಮ್ಮಲ್ಲಿ ಒಂದು ಫೋನಿಗೆ ಇಡೀ ಬೀದಿ! ಅಷ್ಟು ಕರೆಗಳ ಒತ್ತಡ ಬಿದ್ದರೆ ಆ ಯಂತ್ರ ಉಸಿರು ಕಟ್ಟಿ ಕೂರುತ್ತಿತ್ತು.

ಇದನ್ನು ಪಿತ್ರೋಡಾ ಗುರುತಿಸಿದರು. ಇಂದಿರಾ ಗಾಂಧಿ ಹತ್ತು ನಿಮಿಷ ಸಮಯ ಕೊಟ್ಟಾಗ, ಹತ್ತು ನಿಮಿಷ ಸಾಲದು, ಒಂದು ಗಂಟೆ ಬೇಕು ಎಂದು ಪಟ್ಟು ಹಿಡಿದು ಕೂತ ಆಸಾಮಿ! 1984ರ ಆಗಸ್ಟಿನಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಗಡುವು 36 ತಿಂಗಳು, ಹಣ 36 ಕೋಟಿ ರೂಪಾಯಿ. ಪಿತ್ರೋಡಾ ಸಂಬಳ ವರ್ಷಕ್ಕೆ ಒಂದು ರೂಪಾಯಿ. ದೆಹಲಿಯಲ್ಲೂ ನಮ್ಮ ಬೆಂಗಳೂರಿನಲ್ಲೂ ಕೆಲಸ ಶುರುವಾಯಿತು. ಸೇರಿದ ನೂರಾರು ಎಂಜಿನಿಯರುಗಳ ಸರಾಸರಿ ವಯಸ್ಸು ಸುಮಾರು 25. ನಿಮ್ಮದೇ ವಯಸ್ಸು ಗೆಳೆಯರೇ!

ಆ ಹುಡುಗರು ಮಾಡಿದ್ದೇನು? ಎ.ಸಿ. ಬೇಡದ, ಸೆಖೆ ಧೂಳು ತಡೆಯುವ, ಹಳ್ಳಿಯ ಒಂದು ಸಣ್ಣ ಕೋಣೆಯಲ್ಲಿ ಇಡಬಹುದಾದ 128 ಲೈನಿನ ಎಕ್ಸ್‌ಚೇಂಜ್. ಅದೇ ಕಿತ್ತೂರಿಗೆ ಬಂದದ್ದು. ಆ ವಿದ್ಯೆಯನ್ನು ಬೀರುವಿನಲ್ಲಿ ಬಚ್ಚಿಡಲಿಲ್ಲ, ಸರ್ಕಾರಿ ಖಾಸಗಿ ಎನ್ನದೆ ದೇಶದ ಹಲವು ಕಾರ್ಖಾನೆಗಳಿಗೆ ಕೊಟ್ಟರು. ಅದರ ಜೊತೆಗೇ ಬಂದದ್ದು ಹಳದಿ ಬಣ್ಣದ ಎಸ್‌.ಟಿ.ಡಿ. ಬೂತು. ಮನೆಗೊಂದು ಫೋನು ಕೊಡಲು ಆಗದಿದ್ದರೆ ಬೀದಿಗೊಂದು ಕೊಡೋಣ ಎಂಬ ಸರಳ ಲೆಕ್ಕ. ಅಂಗವಿಕಲರಿಗೆ, ಮಾಜಿ ಸೈನಿಕರಿಗೆ ಬೂತು ಸಿಕ್ಕಿತು, ಕಮಿಷನ್ನಿನಲ್ಲಿ ಸಂಸಾರ ನಡೆಯಿತು. ರಾತ್ರಿ ದರ ಕಡಿಮೆಯೆಂದು ಊಟ ಮುಗಿಸಿ ಬೂತಿನ ಮುಂದೆ ಸಾಲು ನಿಂತದ್ದು ನಿಮ್ಮ ಅಪ್ಪ ಅಮ್ಮನನ್ನು ಕೇಳಿ, ಹೇಳುತ್ತಾರೆ.

ಎಲ್ಲವೂ ಚಿನ್ನವಾಗಿತ್ತೇ? ಇಲ್ಲ. ಸಾವಿರಾರು ಲೈನಿನ ದೊಡ್ಡ ಎಕ್ಸ್‌ಚೇಂಜ್ 36 ತಿಂಗಳ ಗಡುವಿಗೆ ಸಿದ್ಧವಾಗಲಿಲ್ಲ. ಪಿತ್ರೋಡಾ ಬಾಯಿ ದೊಡ್ಡದು, ಪ್ರಚಾರ ಜಾಸ್ತಿ ಎಂದವರಿದ್ದರು. 1989ರಲ್ಲಿ ಟೆಲಿಕಾಂ ಆಯೋಗದ ಅಧ್ಯಕ್ಷರಾದರು, ಅಷ್ಟರಲ್ಲಿ ಸರ್ಕಾರ ಬದಲಾಯಿತು, ಆರೋಪಗಳ ಸುರಿಮಳೆಯಾಯಿತು. 1990ರಲ್ಲಿ ಹೃದಯದ ಆಪರೇಷನ್. ಆಮೇಲೆ ಮತ್ತೆ ಶಿಕಾಗೋ. 1994ರ ಟೆಲಿಕಾಂ ನೀತಿ ಖಾಸಗಿಯವರಿಗೆ ಬಾಗಿಲು ತೆರೆಯಿತು, ಮೊಬೈಲು ಬಂತು, ಹಳದಿ ಬೂತುಗಳಿಗೆ ಬೀಗ ಬಿತ್ತು. ಮೊಬೈಲಿನ ಹೊಸ ಯಂತ್ರಗಳು ಮತ್ತೆ ಪರದೇಶದಿಂದಲೇ ಇಳಿದವು.

ಹಾಗಾದರೆ ಆ ದುಡಿಮೆಯೆಲ್ಲ ನೀರಿನಲ್ಲಿ ಹೋಮವೇ? ಅಲ್ಲವೇ ಅಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿ.ಎಸ್‌.ಎನ್‌.ಎಲ್. ಸ್ವದೇಶಿ 4ಜಿ ಜಾಲ ಉದ್ಘಾಟನೆಯಾಯಿತು. ಅದರ ಒಳಗಿನ ಮೆದುಳು ಇದೇ ಸಿ-ಡಾಟ್ ಮಾಡಿದ್ದು, ಟವರಿನ ರೇಡಿಯೋ ನಮ್ಮ ಬೆಂಗಳೂರಿನ ತೇಜಸ್ ಕಂಪನಿ ಮಾಡಿದ್ದು. ತಡವಾಯಿತು, ಬಹಳ ತಡವಾಯಿತು. ಆದರೆ ಬೇರು ಇದ್ದದ್ದಕ್ಕೇ ಚಿಗುರಿತು.

ಗೆಳೆಯರೇ, ನಾನು ಪಿ.ಯು.ಸಿ. ತನಕ ಓದಿದವನು. ಪಿತ್ರೋಡಾ ಫೋಟೋಗೆ ಹಾರ ಹಾಕಿ ಎಂದು ನಿಮಗೆ ಹೇಳುವುದಿಲ್ಲ. ಆತ ಕೇಳಿದ ಪ್ರಶ್ನೆಯನ್ನು ನೀವೂ ಕೇಳಿಕೊಳ್ಳಿ ಎನ್ನುತ್ತೇನೆ: ನಾನು ಮಾಡುವ ಕೆಲಸ ಯಾರಿಗಾಗಿ? ಇವತ್ತು ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಎಂಜಿನಿಯರುಗಳಿದ್ದಾರೆ. ರಾತ್ರಿ ಹಗಲು ಯಾರದೋ ನಕ್ಷೆಗೆ ಕೋಡ್ ಬರೆಯುತ್ತಾರೆ. ಸಂಬಳ ದೊಡ್ಡದು, ಬೇಡ ಎನ್ನುವುದಿಲ್ಲ. ಆದರೆ ನಮ್ಮ ರೈತನ ಮಂಡಿಗೆ, ನಮ್ಮ ತಾಲ್ಲೂಕು ಆಸ್ಪತ್ರೆಗೆ, ನಮ್ಮ ಧೂಳಿಗೆ, ನಮ್ಮ ಕರೆಂಟಿಗೆ, ನಮ್ಮ ಮಾತಿಗೆ ಹೊಂದುವ ಯಂತ್ರವನ್ನು ಯಾರು ಮಾಡಬೇಕು? ಶಿಕಾಗೋದವರೇ? ಅವರಿಗೆ ಕಿತ್ತೂರಿನ ದಾರಿಯೇ ಗೊತ್ತಿಲ್ಲ.

ನಿಮಗೆ ಗೊತ್ತಿದೆ. ಆ 25ರ ಹುಡುಗರಿಗಿಂತ ನಿಮ್ಮ ಬಳಿ ಇವತ್ತು ಹೆಚ್ಚಿನ ವಿದ್ಯೆ ಇದೆ, ಹೆಚ್ಚಿನ ಸಾಮಾನು ಇದೆ. ಇಲ್ಲದಿರುವುದು ಆ ಹಟ ಮಾತ್ರ. ಅದನ್ನು ಯಾವ ಕಂಪನಿಯೂ ಆಮದು ಮಾಡಿಕೊಡುವುದಿಲ್ಲ, ನೀವೇ ಬೆಳೆಸಿಕೊಳ್ಳಬೇಕು!