ಫೋನ್ ಕರೆಯ ಮೇಲೆ ನಿಂತ ನೆರವು

ನಾಸಿಕ್ ಜಿಲ್ಲೆ ಇಗತ್‌ಪುರಿ ತಾಲ್ಲೂಕಿನ ಮುಂಢೇಗಾಂವ್‌ನಲ್ಲಿರುವ ಜಿಂದಾಲ್ ಪಾಲಿಫಿಲ್ಮ್ಸ್ ಕಾರ್ಖಾನೆಗೆ 2025ರ ಮೇ 21ರ ನಡುರಾತ್ರಿ ಕಳೆದ ಮೇಲೆ ಬೆಂಕಿ ಬಿತ್ತು. ಅದು ಮರುದಿನವೂ ಉರಿಯಿತು, ಅದರ ಮರುದಿನವೂ ಉರಿಯಿತು. ಅನಿಲದ ಟ್ಯಾಂಕ್ ಕಾದು ಸಿಡಿದೀತೆಂಬ ಭಯದಲ್ಲಿ ಸುತ್ತಲಿನ ಜನರನ್ನು ಮನೆ ಬಿಡಿಸಬೇಕಾಯಿತು. ಪ್ಲಾಸ್ಟಿಕ್ ಫಿಲ್ಮಿನ ಸುರುಳಿಗಳ ಬೆಂಕಿಗೆ ಒಂದು ಸಲ ನೀರು ಹೊಯ್ದರೆ ಸಾಲದು. ಅದು ಕರಗಿ ಹರಿಯುತ್ತದೆ, ಮೇಲೆ ಆರಿದಂತೆ ಕಂಡು ಒಳಗಿನಿಂದ ಮತ್ತೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ಫೋಮ್ ಬೇಕು, ನಿಲ್ಲದ ನೀರು ಬೇಕು, ಪಾಳಿಯ ಮೇಲೆ ಬದಲಾಗುವ ಜನ ಬೇಕು. ಯಾವ ಒಂದು ಊರಿನ ಅಗ್ನಿಶಾಮಕ ದಳದ ಕೈಯಲ್ಲೂ ಇಷ್ಟೆಲ್ಲ ಇರುವುದಿಲ್ಲ.

ಇದೇ ಕಾರ್ಖಾನೆ 2023ರ ಜನವರಿ 1ರಂದೂ ಉರಿದಿತ್ತು. ಅಂದು ಇಬ್ಬರು ಮಹಿಳಾ ಕಾರ್ಮಿಕರು ಸತ್ತರು, ಹಲವರು ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದರು, ಮುಖ್ಯಮಂತ್ರಿ ಏಕನಾಥ ಶಿಂದೆ ಬಂದರು, ಪರಿಹಾರ ಘೋಷಣೆಯಾಯಿತು. ಎರಡೂವರೆ ವರ್ಷದೊಳಗೆ ಅದೇ ಜಾಗದಲ್ಲಿ ಎರಡನೆಯ ಮಹಾಬೆಂಕಿ. ಕಾರ್ಖಾನೆಯ ಸುರಕ್ಷತೆಯ ಬಗ್ಗೆ ಕೇಳಬೇಕಾದ ಪ್ರಶ್ನೆಗಳನ್ನು ಎಲ್ಲರೂ ಕೇಳಿದ್ದಾರೆ. ನಾಸಿಕ್ ನಗರದಿಂದ ಇಷ್ಟು ದೂರದ ಹಳ್ಳಿಯಲ್ಲಿ ಇಂಥ ಬೆಂಕಿ ಬಿದ್ದರೆ ಯಾವ ಊರಿನ ವಾಹನ ಮೊದಲು ಹೊರಡಬೇಕು, ಎರಡನೆಯದು ಯಾವುದು, ಸ್ಥಳದಲ್ಲಿ ಅಪ್ಪಣೆ ಕೊಡುವವರು ಯಾರು, ಡೀಸೆಲ್‌ ಮತ್ತು ಫೋಮಿನ ಖರ್ಚು ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಕನ್ನಡದ ಓದುಗರಿಗೆ ಇದು ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಕರ್ನಾಟಕದಲ್ಲಿ ಅಗ್ನಿಶಾಮಕ ಮತ್ತು ತುರ್ತು ಸೇವೆ ರಾಜ್ಯ ಸರ್ಕಾರದ ಇಲಾಖೆ. ಬೆಳಗಾವಿಯ ಠಾಣೆಗೂ ಬೀದರಿನ ಠಾಣೆಗೂ ಒಬ್ಬರೇ ಮಹಾನಿರ್ದೇಶಕರು. ಮಹಾರಾಷ್ಟ್ರದಲ್ಲಿ ಹಾಗಿಲ್ಲ. ಮಹಾನಗರಪಾಲಿಕೆಗೆ ತನ್ನದೇ ದಳ, ನಗರ ಪರಿಷತ್ತಿಗೆ ತನ್ನದೇ ವಾಹನ, ಕೈಗಾರಿಕಾ ಅಭಿವೃದ್ಧಿ ನಿಗಮವಾದ ಎಂಐಡಿಸಿಗೆ ತನ್ನದೇ ಠಾಣೆ. ಮುಂಬೈಯಲ್ಲಿ ರಾಜ್ಯದ ಅಗ್ನಿಶಾಮಕ ನಿರ್ದೇಶನಾಲಯ ಉಂಟು, 2006ರ ಅಗ್ನಿ ತಡೆ ಮತ್ತು ಜೀವ ಸುರಕ್ಷತಾ ಕಾಯ್ದೆ ಉಂಟು. ಆದರೆ ನಾಸಿಕ್ ಪಾಲಿಕೆಯ ವಾಹನ, ಡೀಸೆಲ್, ಚಾಲಕನ ಸಂಬಳ ಎಲ್ಲವೂ ಪಾಲಿಕೆಯ ಬೊಕ್ಕಸದಿಂದ. ಸಂವಿಧಾನದ 12ನೆಯ ಅನುಸೂಚಿಯೂ ಅಗ್ನಿಶಾಮಕ ಸೇವೆಯನ್ನು ನಗರಾಡಳಿತದ ಕೆಲಸಗಳ ಪಟ್ಟಿಯಲ್ಲೇ ಇಟ್ಟಿದೆ.

ಛತ್ರಪತಿ ಸಂಭಾಜಿನಗರದ ನಕಾಶೆ ನೋಡಿದರೆ ಇದು ಇನ್ನೂ ಸ್ಪಷ್ಟ. 2023ರ ಡಿಸೆಂಬರ್ 31ರ ನಸುಕಿನಲ್ಲಿ ವಾಳೂಜ್ ಎಂಐಡಿಸಿಯ ಕೈಗವಸು ಕಾರ್ಖಾನೆಯೊಂದರಲ್ಲಿ ಮಲಗಿದ್ದ ಆರು ಕಾರ್ಮಿಕರು ಬೆಂಕಿಗೆ ಬಲಿಯಾದರು. ಮೂರು ತಿಂಗಳ ನಂತರ, 2024ರ ಏಪ್ರಿಲ್ 3ರ ನಸುಕಿನಲ್ಲೇ, ದಂಡು ಪ್ರದೇಶದ ದರ್ಜಿ ಅಂಗಡಿಗೆ ಬೆಂಕಿ ಬಿದ್ದು ಮೇಲಿನ ಮನೆಯಲ್ಲಿದ್ದ ಒಂದೇ ಕುಟುಂಬದ ಏಳು ಜನ ಹೊಗೆ ಕುಡಿದು ಸತ್ತರು. ಮೊದಲನೆಯ ಜಾಗ ರಾಜ್ಯದ ಕೈಗಾರಿಕಾ ನಿಗಮದ್ದು, ಎರಡನೆಯದು ಕೇಂದ್ರದ ರಕ್ಷಣಾ ಸಚಿವಾಲಯದ ಅಧೀನದ ದಂಡು ಮಂಡಳಿಯದು, ಇವೆರಡರ ಪಕ್ಕದ ಊರು ಮಹಾನಗರಪಾಲಿಕೆಯದು. ಒಂದೇ ನಗರ, ಮೂವರು ಯಜಮಾನರು. 2023ರಲ್ಲಿ ಊರಿನ ಹೆಸರು ಬದಲಾಯಿತು, ಫಲಕಗಳು ಬದಲಾದವು. ಈ ಗಡಿಗಳನ್ನು ಮುಟ್ಟುವ ಆತುರ ಯಾರಿಗೂ ಇರಲಿಲ್ಲ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ವಾಳೂಜ್‌ನಲ್ಲಿ, ದಂಡಿನಲ್ಲಿ ಸತ್ತವರನ್ನು ದೂರದ ಊರಿಂದ ಬಂದ ಹತ್ತನೆಯ ವಾಹನ ಉಳಿಸುತ್ತಿರಲಿಲ್ಲ. ಮಲಗಿದವರನ್ನು ಹೊಗೆ ಕೊಲ್ಲಲು ಕೆಲವೇ ನಿಮಿಷ ಸಾಕು. ಅಲ್ಲಿ ಲೆಕ್ಕಕ್ಕೆ ಬರುವುದು ಮೊದಲ ವಾಹನ ಒಂದೇ, ಮತ್ತು ಅದು ಯಾರ ಬಣ್ಣದ್ದಾದರೂ ಸರಿ, ಅತಿ ಹತ್ತಿರದ್ದಾಗಿರಬೇಕು. ಮುಂಢೇಗಾಂವ್‌ನ ಕತೆ ಬೇರೆ. ಅಲ್ಲಿ ಬೇಕಿದ್ದುದು ದಿನಗಟ್ಟಲೆ ಬತ್ತದ ಬಲ. ಎರಡಕ್ಕೂ ಮದ್ದು ಒಂದೇ ಕಾಗದದಲ್ಲಿದೆ: ಬೆಂಕಿ ಬೀಳುವ ಮೊದಲೇ ಬರೆದಿಟ್ಟ, ಎಲ್ಲ ದಳಗಳನ್ನೂ ಕಟ್ಟಿಹಾಕುವ ಪರಸ್ಪರ ನೆರವಿನ ಒಪ್ಪಂದ.

ಅಮೆರಿಕದ ಬಾಲ್ಟಿಮೋರ್ 1904ರ ಫೆಬ್ರವರಿಯಲ್ಲಿ ಹೊತ್ತಿ ಉರಿದಾಗ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಿಂದ ದಳಗಳು ಓಡಿ ಬಂದವು. ಬಂದ ಎಷ್ಟೋ ಪೈಪುಗಳು ಅಲ್ಲಿನ ನೀರಿನ ಬಾಯಿಗೆ ಕೂರಲಿಲ್ಲ. ನೆರವು ನಿಂತು ನೋಡಿತು, 1,500ಕ್ಕೂ ಹೆಚ್ಚು ಕಟ್ಟಡ ಸುಟ್ಟವು. ಭಾರತಕ್ಕೆ ಆ ಕಷ್ಟ ಅಷ್ಟಾಗಿ ಇಲ್ಲ. ಪೈಪಿನ ಕಪ್ಲಿಂಗಿಗೆ ಐಎಸ್ 903 ಎಂಬ ಮಾನಕವಿದೆ. ಇಲ್ಲಿ ಪೈಪು ಕೂಡುತ್ತದೆ, ಕಚೇರಿಗಳು ಕೂಡುವುದಿಲ್ಲ. ಜಿಲ್ಲಾಧಿಕಾರಿ ಆಯುಕ್ತರಿಗೆ ಫೋನ್ ಮಾಡಬೇಕು, ಆಯುಕ್ತರು ಮುಖ್ಯ ಅಗ್ನಿಶಾಮಕ ಅಧಿಕಾರಿಗೆ ಹೇಳಬೇಕು. ನೆರವು ಬರುತ್ತದೆ, ಖಂಡಿತ ಬರುತ್ತದೆ. ಅಗ್ನಿಶಾಮಕರಿಗೆ ಗಡಿಯ ಹಟವಿಲ್ಲ. ಆದರೆ ಅದು ಬರುವುದು ಸೌಜನ್ಯದ ಮೇಲೆ.

ಹಾಗಾದರೆ ಕರ್ನಾಟಕದಂತೆ ಒಂದೇ ಇಲಾಖೆ ಮಾಡಿಬಿಡಿ ಎನ್ನುವವರಿದ್ದಾರೆ. ಕೇಳಲು ಚೆನ್ನ. ಆದರೆ ಪಾಲಿಕೆಗಳ ನೌಕರರು, ಪಿಂಚಣಿ, ಆಸ್ತಿ, ಬಡ್ತಿಯ ಜ್ಯೇಷ್ಠತೆ ಎಲ್ಲವನ್ನೂ ಒಂದೇ ಕಡತಕ್ಕೆ ತರುವುದರೊಳಗೆ ವರ್ಷಗಳು ಕಳೆಯುತ್ತವೆ; ಅಷ್ಟರವರೆಗೆ ‘ಏಕೀಕರಣ ಪರಿಶೀಲನೆಯಲ್ಲಿದೆ’ ಎಂಬ ಉತ್ತರವೇ ನೆಪವಾಗುತ್ತದೆ. ಬ್ರಿಟನ್ ಈ ದಾರಿ ನಡೆದು ನೋಡಿದೆ. ಜರ್ಮನ್ ಬಾಂಬುಗಳ ನಡುವೆ 1941ರಲ್ಲಿ ಸಾವಿರಕ್ಕೂ ಹೆಚ್ಚು ಸ್ಥಳೀಯ ದಳಗಳನ್ನು ಒಂದೇ ರಾಷ್ಟ್ರೀಯ ದಳವಾಗಿ ಬೆಸೆಯಿತು. ಯುದ್ಧ ಮುಗಿದ ಮೇಲೆ 1947ರ ಕಾಯ್ದೆಯಲ್ಲಿ ಅವನ್ನು ಮತ್ತೆ ಸ್ಥಳೀಯ ಆಡಳಿತಕ್ಕೇ ಒಪ್ಪಿಸಿತು, ಜೊತೆಗೆ ಪರಸ್ಪರ ನೆರವಿನ ಯೋಜನೆ ಮಾಡಿಕೊಳ್ಳುವುದನ್ನು ಅವುಗಳ ಕರ್ತವ್ಯವೆಂದು ಬರೆಯಿತು. ಮಹಾರಾಷ್ಟ್ರಕ್ಕೆ ಬೇಕಾದದ್ದು ಇಷ್ಟೇ ಸಾಲು.

ಪಾಲಿಕೆಗಳ ಆಕ್ಷೇಪ ಪೊಳ್ಳಲ್ಲ. ತೆರಿಗೆ ಕಟ್ಟುವವರು ನಾಸಿಕ್‌ನವರು. ಅವರ ವಾಹನಗಳೆಲ್ಲ ಹಳ್ಳಿಯ ಖಾಸಗಿ ಕಾರ್ಖಾನೆಯಲ್ಲಿ ಎರಡು ದಿನ ನಿಂತಾಗ ಊರೊಳಗೆ ಬೆಂಕಿ ಬಿದ್ದರೆ? ಅಮೆರಿಕದ ಇಲಿನಾಯ್‌ನಲ್ಲಿ 1960ರ ದಶಕದ ಕೊನೆಯಿಂದ ನಡೆದುಬಂದ ವ್ಯವಸ್ಥೆ ಇದಕ್ಕೆ ಉತ್ತರ ಕೊಟ್ಟಿದೆ. ಪ್ರತಿ ಪ್ರದೇಶಕ್ಕೂ ಮೊದಲೇ ಸಿದ್ಧವಾದ ಒಂದು ಕಾರ್ಡು. ಬೆಂಕಿ ಒಂದು ಹಂತ ಏರಿದರೆ ಯಾವ ಊರು ಏನು ಕಳಿಸಬೇಕು ಎಂಬುದರ ಜೊತೆಗೇ, ಖಾಲಿಯಾದ ಠಾಣೆಯಲ್ಲಿ ಯಾರು ಬಂದು ಕೂರಬೇಕು ಎಂಬುದೂ ಅದರಲ್ಲಿರುತ್ತದೆ. ಖರ್ಚಿನ ಮಾತಿಗೆ ಬಂದರೆ, ಬೆಂಕಿ ಬಿದ್ದ ಕಾರ್ಖಾನೆಯಿಂದ ವಸೂಲು ಮಾಡುವುದರಲ್ಲಿ ಸಂಕೋಚವೇಕೋ ತಿಳಿಯದು. ಕೇಂದ್ರವೂ 2023ರಲ್ಲಿ ಅಗ್ನಿಶಾಮಕ ಸೇವೆಗಳ ಆಧುನೀಕರಣಕ್ಕೆ 5,000 ಕೋಟಿ ರೂಪಾಯಿಯ ಯೋಜನೆ ತಂದಿತು. ಅದರಲ್ಲಿ 500 ಕೋಟಿ ಕಾನೂನು ಮತ್ತು ಮೂಲಸೌಕರ್ಯ ಸುಧಾರಿಸಿದ ರಾಜ್ಯಗಳಿಗೆಂದೇ ಮೀಸಲು. ಆ ದುಡ್ಡಿನಲ್ಲಿ ಹೊಸ ವಾಹನ ಕೊಂಡು ಹಳೆಯ ಗಡಿಯೊಳಗೇ ನಿಲ್ಲಿಸುವುದು ಸುಲಭ. ಫೋಟೊಗೂ ಚೆನ್ನ.

ನಾಸಿಕ್‌ಗೆ ಕಾಯುವಷ್ಟು ಸಮಯವಿಲ್ಲ. 2027ರ ಸಿಂಹಸ್ಥ ಕುಂಭಕ್ಕೆ ಜನಸಾಗರ ಸೇರುವುದು ಎರಡು ಊರುಗಳಲ್ಲಿ: ನಾಸಿಕ್ ಮಹಾನಗರಪಾಲಿಕೆ, ತ್ರ್ಯಂಬಕೇಶ್ವರ ನಗರ ಪರಿಷತ್ತು. ಪ್ರಯಾಗರಾಜದಲ್ಲಿ 2025ರ ಜನವರಿ 19ರಂದು ಗುಡಾರಗಳು ಹೊತ್ತಿ ಸಿಲಿಂಡರುಗಳು ಸಿಡಿದದ್ದನ್ನು ದೇಶ ಟೀವಿಯಲ್ಲಿ ನೋಡಿದೆ. ಕುಂಭಕ್ಕೆಂದೇ ಪ್ರಾಧಿಕಾರ ರಚಿಸಿದ ಸರ್ಕಾರ ಅದರ ಮೂಲಕವೇ ಈ ಒಪ್ಪಂದವನ್ನು ಬರೆಸಿ, ಮುಂಢೇಗಾಂವ್‌ನಂಥ ಕಡೆ ಅಣಕು ಕಾರ್ಯಾಚರಣೆ ನಡೆಸಿ, ಸ್ಥಳದ ಮುಖ್ಯಸ್ಥನ ಹುದ್ದೆಯನ್ನು ಲಿಖಿತವಾಗಿ ಗೊತ್ತುಮಾಡಬಹುದು.

ಇದು ಗೋದಾವರಿ ತೀರದವರ ಪಾಡೆಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ಜಿಂದಾಲ್ ಬೆಂಕಿಗೆ ಮೂರು ದಿನ ಮೊದಲು, ಮೇ 18ರ ನಸುಕಿನಲ್ಲಿ, ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ ಟವೆಲ್ ಕಾರ್ಖಾನೆ ಉರಿದು ಮಾಲೀಕರೂ ಅವರ ಮನೆಯವರೂ ಸೇರಿ ಎಂಟು ಜನ ಸತ್ತರು. ಬೀದಿಯಲ್ಲಿ ಕನ್ನಡ ಕೇಳಿಸುವ ಊರು ಅದು. ವಿಜಯಪುರ ಅಲ್ಲಿಂದ ನೂರು ಕಿಲೋಮೀಟರ್, ಇಂಡಿ ಇನ್ನೂ ಹತ್ತಿರ. ಬೆಳಗಾವಿ ಬಳಿಯ ನಾವಗೆಯ ಟೇಪ್ ಕಾರ್ಖಾನೆ 2024ರ ಆಗಸ್ಟ್‌ನಲ್ಲಿ ಉರಿದಾಗ ಮಹಾರಾಷ್ಟ್ರದ ಕಡೆಯ ಊರುಗಳೂ ಅಷ್ಟೇನು ದೂರವಿರಲಿಲ್ಲ. ಕೃಷ್ಣೆ ಉಕ್ಕಿದಾಗ ಆಲಮಟ್ಟಿಯಿಂದ ಎಷ್ಟು ನೀರು ಬಿಡಬೇಕೆಂದು ಎರಡೂ ರಾಜ್ಯಗಳ ಅಧಿಕಾರಿಗಳು ಕೂತು ಮಾತಾಡುತ್ತಾರೆ. ಅದೇ ಸಭೆಯ ಕಾರ್ಯಸೂಚಿಗೆ ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರಗಳ ದಳಗಳೂ ವಿಜಯಪುರ, ಬೆಳಗಾವಿ, ಕಲಬುರಗಿಯ ಠಾಣೆಗಳೂ ಯಾವ ಹಂತದಲ್ಲಿ ಪರಸ್ಪರರ ಕಡೆಗೆ ಹೊರಡಬೇಕು ಎಂಬುದನ್ನು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ, ಎರಡು ಸಹಿ ಬೇಕು.