ಬಸ್ಸು ಕೊಂಡರಾಯಿತೇ, ದಾರಿ ಬೇಡವೇ?

2025ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವಿಪ್ರೊದ ಅಜೀಂ ಪ್ರೇಮ್‌ಜಿ ಅವರಿಗೊಂದು ಪತ್ರ ಬರೆದರು. ಬೆಂಗಳೂರಿನ ಹೊರವರ್ತುಲ ರಸ್ತೆಯ ದಟ್ಟಣೆ ತಗ್ಗಿಸಲು ಸರ್ಜಾಪುರ ರಸ್ತೆಯ ವಿಪ್ರೊ ಆವರಣದೊಳಗಿಂದ ಒಂದಿಷ್ಟು ವಾಹನಗಳನ್ನು ಬಿಡಬಹುದೇ ಎಂಬ ಕೋರಿಕೆ ಅದರಲ್ಲಿತ್ತು. ಅದು ವಿಶೇಷ ಆರ್ಥಿಕ ವಲಯ, ಖಾಸಗಿ ಸ್ವತ್ತು, ಆಗದು ಎಂದು ಪ್ರೇಮ್‌ಜಿ ವಿನಯದಿಂದಲೇ ಉತ್ತರಿಸಿದರು. ಪ್ರೇಮ್‌ಜಿ ಅವರ ಅಪ್ಪಣೆ ಬೇಡದ ದಾರಿಯೊಂದು ಅದೇ ಹೊರವರ್ತುಲ ರಸ್ತೆಯಲ್ಲಿ ಹಿಂದೆ ಇತ್ತು. ಸರ್ಕಾರವೇ ಅದನ್ನು ಮಾಡಿತ್ತು, ಸರ್ಕಾರವೇ ಕೈಬಿಟ್ಟಿತು.

2019ರ ಕೊನೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ರಸ್ತೆಯ ಎಡಬದಿಗೆ ಸಾಲಾಗಿ ಗೂಟ ನೆಟ್ಟು ಬಸ್ಸಿಗೆಂದೇ ಒಂದು ಪಥ ಬಿಡಲಾಗಿತ್ತು. ಅದಕ್ಕೆ 'ನಿಂಬಸ್' ಎಂದು ಹೆಸರಿಟ್ಟರು. ಪಕ್ಕದಲ್ಲಿ ಕಾರುಗಳು ತೆವಳುತ್ತಿದ್ದರೆ ಬಿಎಂಟಿಸಿ ಬಸ್ಸು ಅವನ್ನು ಹಿಂದೆ ಹಾಕಿ ಹೋಗುವ ದೃಶ್ಯ ಈ ಊರಿಗೆ ಹೊಸದು. ಅಷ್ಟರಲ್ಲಿ ಕೋವಿಡ್ ಬಂತು. ಆಮೇಲೆ ಮೆಟ್ರೊ ಕಾಮಗಾರಿಗೆಂದು ರಸ್ತೆಯ ನಡುವೆ ಬ್ಯಾರಿಕೇಡ್ ಬಂದವು. ಜಾಗ ಸಾಲದೆ ಹೋದಾಗ ಮೊದಲು ಎದ್ದುಹೋಗಿದ್ದು ಬಸ್ಸಿನ ಪಾಲು. ಹತ್ತಾರು ಜನರನ್ನು ಹೊತ್ತ ಬಸ್ಸಿಗೂ ಒಬ್ಬರೇ ಕೂತ ಕಾರಿಗೂ ಒಂದೇ ಸಾಲು ಎಂಬ ಹಳೆಯ ನ್ಯಾಯ ಮರಳಿ ಬಂತು.

ಈಗಿನ ಮಾತೆಲ್ಲ ಬಸ್ಸಿನ ಎಣಿಕೆಯದ್ದು. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ 4,500 ವಿದ್ಯುತ್ ಬಸ್ಸುಗಳು ಹಂಚಿಕೆಯಾಗಿವೆ. ಬರಲಿ, ಖಂಡಿತ ಬೇಕು. ಆದರೆ ಲೆಕ್ಕವನ್ನೂ ಸ್ವಲ್ಪ ನೋಡಬೇಕು. ಹೋಗಿ ಬರಲು ನಾಲ್ಕು ಗಂಟೆ ಹಿಡಿಯುವ ಮಾರ್ಗದಲ್ಲಿ 24 ಬಸ್ಸು ಓಡಿಸಿದರೆ ಹತ್ತು ನಿಮಿಷಕ್ಕೊಂದು ಸಿಗುತ್ತದೆ. ಅದೇ ದಾರಿ ಮೂರು ಗಂಟೆಯಲ್ಲಿ ಸಾಗಿದರೆ ಅದೇ 24 ಬಸ್ಸು ಏಳೂವರೆ ನಿಮಿಷಕ್ಕೊಂದರಂತೆ ಬರುತ್ತವೆ. ಹೊಸ ಬಸ್ಸೂ ಬೇಡ, ಹೊಸ ಚಾಲಕರೂ ಬೇಡ. ದಟ್ಟಣೆ ಹೆಚ್ಚಿ ಐದು ಗಂಟೆಯಾದರೆ? ಹತ್ತು ನಿಮಿಷಕ್ಕೊಂದು ಉಳಿಸಿಕೊಳ್ಳಲಿಕ್ಕೇ ಇನ್ನೂ ಆರು ಬಸ್ಸು ಸುರಿಯಬೇಕು. ದಾರಿ ಕೊಡದೆ ಬಸ್ಸು ಕೊಳ್ಳುವ ಸರ್ಕಾರ ಆ ಆರು ಬಸ್ಸಿನ ದುಡ್ಡನ್ನು ಸಿಗ್ನಲ್‌ನಲ್ಲಿ ನಿಲ್ಲಿಸಿಡುತ್ತದೆ.

ಸಂಜೆ ಹೊತ್ತು ಮಾರತ್ತಹಳ್ಳಿ ಸೇತುವೆಯ ಬಳಿ ನಿಂತವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅರ್ಧ ಗಂಟೆ 500-ಡಿ ಮಾರ್ಗದ ಬಸ್ಸಿನ ಸುಳಿವಿಲ್ಲ. ಆಮೇಲೆ ಮೂರು ಒಟ್ಟಿಗೇ ಬರುತ್ತವೆ. ಮೊದಲನೆಯದರ ಬಾಗಿಲಲ್ಲಿ ಜನ ಜೋತುಬಿದ್ದಿದ್ದಾರೆ. 'ಹಿಂದ್ಗಡೆ ಖಾಲಿ ಬರ್ತಿದೆ, ಅದಕ್ಕೆ ಹತ್ಕೊಳ್ಳಿ' ಎಂದು ಕಂಡಕ್ಟರ್ ಕೂಗುತ್ತಾರೆ. ಅವರು ಹೇಳುವುದು ಸುಳ್ಳಲ್ಲ, ಆದರೆ ಕಾದು ಸುಸ್ತಾದವರು ನಂಬುವುದಿಲ್ಲ. ತಡವಾದ ಬಸ್ಸಿಗೆ ಪ್ರತಿ ಸ್ಟಾಪಿನಲ್ಲೂ ಹೆಚ್ಚು ಜನ, ಹತ್ತಿಸಿಕೊಳ್ಳಲು ಹೆಚ್ಚು ಹೊತ್ತು, ಹಾಗಾಗಿ ಅದು ಇನ್ನೂ ತಡ. ಹಿಂದಿನವು ಬಂದು ಅದರ ಬೆನ್ನಿಗೆ ಅಂಟಿಕೊಳ್ಳುತ್ತವೆ. ಡ್ಯೂಟಿ ಮುಗಿಯುವ ವೇಳೆಗೆ ಹಿಂದಿರುಗಲಾಗದು ಎಂದಾದರೆ ಕೊನೆಯ ಟ್ರಿಪ್ಪೇ ಕಟ್. ಪಾಳಿ ಮುಗಿಸಿ ರಾತ್ರಿ ಮನೆಗೆ ಮರಳುವ ಭದ್ರತಾ ಸಿಬ್ಬಂದಿ, ಹೌಸ್‌ಕೀಪಿಂಗ್ ಹೆಂಗಸರು ಆ ಟ್ರಿಪ್ಪಿಗೇ ಕಾಯುತ್ತಿರುತ್ತಾರೆ. ಬೈಗುಳ ಮಾತ್ರ ಕಂಡಕ್ಟರ್ ಪಾಲಿಗೆ.

ಬಸ್ ಮಾರ್ಗಗಳ ಜಾಲದ ಕಥೆಯೂ ಸರಿಯಿಲ್ಲ. ಮೆಜೆಸ್ಟಿಕ್, ಕೆ.ಆರ್. ಮಾರುಕಟ್ಟೆ, ಶಿವಾಜಿನಗರವೇ ಊರಾಗಿದ್ದ ಕಾಲದ ಮಾರ್ಗಗಳು ಇಂದಿಗೂ ಬಹುಪಾಲು ಹಾಗೇ ಇವೆ. ಕೆಲಸಗಳು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಎಷ್ಟೋ ಕಾಲವಾಯಿತು. ಮಾರ್ಗ ಬದಲಿಸುವ ಬದಲು ನಂಬರಿನ ಬಾಲಕ್ಕೆ ಅಕ್ಷರ ಅಂಟಿಸುತ್ತಾ ಬಂದರು; 500-ಎ, 500-ಸಿ, 500-ಸಿಎ, 500-ಡಿ, 500-ಕೆ ಎಂದು ಓದುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಇದಕ್ಕೆ ಮದ್ದು ಗೊತ್ತಿರಲಿಲ್ಲ ಎಂದಲ್ಲ. 2009ರ ಸುಮಾರಿಗೆ ಬಿಎಂಟಿಸಿಯೇ 'ಬಿಗ್ 10' ಎಂದು ಪ್ರಮುಖ ರಸ್ತೆಗಳಲ್ಲಿ ನೇರ ಬಸ್ಸುಗಳನ್ನೂ, ವರ್ತುಲ ರಸ್ತೆಗಳಲ್ಲಿ 'ಬಿಗ್ ಸರ್ಕಲ್' ಬಸ್ಸುಗಳನ್ನೂ ಓಡಿಸಿತು. ಒಂದರಿಂದ ಇಳಿದು ಇನ್ನೊಂದನ್ನು ಹಿಡಿದರೆ ಊರೆಲ್ಲ ಸುತ್ತಬಹುದೆಂಬ ಸರಳ ಯೋಚನೆ. ಅದನ್ನು ಹಟ ಹಿಡಿದು ಬೆಳೆಸುವವರೇ ಇಲ್ಲದೆ ಸೊರಗಿತು.

ದಕ್ಷಿಣ ಕೊರಿಯಾದ ಸೋಲ್ ನಗರ ಇಂಥದ್ದನ್ನು ಒಂದೇ ದಿನದಲ್ಲಿ ಮಾಡಿತು. 2004ರ ಜುಲೈ 1ರಂದು ಅಲ್ಲಿನ ಇಡೀ ಬಸ್ ಜಾಲವೇ ಬದಲಾಯಿತು. ದೂರದ ಮುಖ್ಯ ಮಾರ್ಗಕ್ಕೆ ನೀಲಿ ಬಸ್ಸು, ಬಡಾವಣೆಯಿಂದ ಮೆಟ್ರೊಗೆ ಹಸಿರು, ಹೊರ ಊರುಗಳಿಗೆ ಕೆಂಪು, ನಗರದ ನಡುವೆ ಸುತ್ತಲು ಹಳದಿ. ಬಸ್ಸು ಖಾಸಗಿಯವರದ್ದೇ, ಮಾರ್ಗ ಮಾತ್ರ ನಗರಾಡಳಿತದ್ದು. ರಸ್ತೆಯ ನಡುವೆ ಬಸ್ ಪಥ, ಮೆಟ್ರೊ-ಬಸ್ಸಿಗೆ ಸೇರಿ ದೂರದ ಲೆಕ್ಕದಲ್ಲಿ ಒಂದೇ ದರ. ಮೊದಲ ದಿನಗಳ ಗೊಂದಲಕ್ಕೆ ಮೇಯರ್ ಲೀ ಮ್ಯುಂಗ್-ಬಾಕ್ ಕ್ಷಮೆ ಕೇಳಬೇಕಾಯಿತು. ಕೇಳಿದರು, ಹಿಂದೆ ಸರಿಯಲಿಲ್ಲ. ಮುಂದೆ ದೇಶದ ಅಧ್ಯಕ್ಷರೂ ಆದರು. ಬಸ್ಸಿಗೆ ದಾರಿ ಬಿಟ್ಟರೆ ಓಟು ಹೋಗುತ್ತದೆಂದು ಹೆದರುವವರು ಗಮನಿಸಬಹುದು.

ಇಲ್ಲಿ ಧೈರ್ಯವೆಲ್ಲ ನೆಲದಡಿ ಹೊರಟಿದೆ. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಪಟ್ಟು ಹಿಡಿದ ಸುರಂಗ ರಸ್ತೆಯ ಅಂದಾಜು ವೆಚ್ಚ 17,000 ಕೋಟಿ ರೂಪಾಯಿಗೂ ಹೆಚ್ಚು. ಅದರ ಒಂದು ತುದಿ ಹೆಬ್ಬಾಳ, ಇನ್ನೊಂದು ಸಿಲ್ಕ್ ಬೋರ್ಡ್. ನೆಲದ ಮೇಲೆ ಬೇರೆ ದಾರಿಯಲ್ಲಿ 500-ಡಿ ಕೂಡಿಸುವುದೂ ಇವೆರಡನ್ನೇ. ಸುರಂಗದಲ್ಲಿ ಬೈಕು, ಆಟೊಗಳಿಗೆ ಪ್ರವೇಶವಿಲ್ಲ, ಕಾರಿಗೆ ಟೋಲ್ ಎಂಬುದು ಯೋಜನೆ. ಊರಿನ ಅತಿ ದುಬಾರಿ ರಸ್ತೆ ಕಾರಿದ್ದವರಿಗೆ ಮೀಸಲು.

ದೆಹಲಿಯ ಬಿಆರ್‌ಟಿ ಬಸ್ ಪಥ ಮುಗ್ಗರಿಸಲಿಲ್ಲವೇ ಎನ್ನುವವರಿದ್ದಾರೆ. ನಿಜ, 2008ರಲ್ಲಿ ಶುರುವಾದ ಆ ಪಥವನ್ನು 2016ರಲ್ಲಿ ಕಿತ್ತುಹಾಕಿದರು. ಅದು ಆರು ಕಿಲೋಮೀಟರ್‌ಗೂ ಕಡಿಮೆಯ ತುಂಡು. ಹುಬ್ಬಳ್ಳಿ-ಧಾರವಾಡದ 'ಚಿಗರಿ' ಬಸ್ಸು ಪ್ರತ್ಯೇಕ ಪಥದಲ್ಲಿ ಓಡುವುದು ಸುಮಾರು 22 ಕಿಲೋಮೀಟರ್. ಅದರ ಬಗೆಗೂ ದೂರುಗಳಿವೆ, ಹಲವು ನ್ಯಾಯವಾದವೇ. ಆದರೆ ಎರಡು ಊರುಗಳ ನಡುವೆ ಬಸ್ಸಿಗೆ ಪ್ರತ್ಯೇಕ ದಾರಿ ಕೊಡಲು ಇದೇ ರಾಜ್ಯಕ್ಕೆ ಸಾಧ್ಯವಾಗಿದೆ. ರಾಜಧಾನಿಗೆ ಮಾತ್ರ ಆಗದೇ?

ಹೊರವರ್ತುಲ ರಸ್ತೆಯಲ್ಲಿ ಮೆಟ್ರೊ ಬ್ಯಾರಿಕೇಡ್ ತೆರವಾದಂತೆಲ್ಲ ರಸ್ತೆಯ ಅಗಲ ಮರಳಿ ಸಿಗುತ್ತದೆ. ಹೊಸದಾಗಿ ಡಾಂಬರು ಹಾಕುವಾಗ ಬಸ್ಸಿನ ಪಥವನ್ನೂ ಬಳಿಯಲು ಹೆಚ್ಚು ಖರ್ಚಿಲ್ಲ. ಬಿಎಂಟಿಸಿ, ಮೆಟ್ರೊ, ಸಂಚಾರ ಪೊಲೀಸರನ್ನು ಒಂದೇ ಮೇಜಿಗೆ ಕೂರಿಸಲೆಂದೇ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಮಸೂದೆಯನ್ನು ವಿಧಾನಮಂಡಲ 2022ರಲ್ಲೇ ಅಂಗೀಕರಿಸಿದೆ. ಸರ್ಕಾರ ಮುಂದಿನ ಪತ್ರವನ್ನು ಆ ಪ್ರಾಧಿಕಾರಕ್ಕೆ ಬರೆಯಲಿ.