ಅನಿಲದ ಲಾಭ ಒಬ್ಬರಿಗೆ, ಉಪ್ಪಿನ ಹೊರೆ ಇನ್ನೊಬ್ಬರಿಗೆ?

ಬರದ ದಿನಗಳಲ್ಲಿ ಹೊಲದಂಚಿಗೆ ಬಂದ ನೀರನ್ನು ಯಾವ ರೈತನೂ ಬೇಡವೆನ್ನಲಾರ. ಅನಿಲ ಕಂಪೆನಿಗಳು ಹೊರಚೆಲ್ಲುವ ನೀರನ್ನು ಬೇಸಾಯಕ್ಕೆ ಬಳಸಬೇಕೆಂಬ ವಾದ ಆಕರ್ಷಕವಾಗಿ ಕಾಣುವುದು ಇದೇ ಕಾರಣಕ್ಕೆ. ವ್ಯರ್ಥವಾಗುವ ನೀರಿನಿಂದ ಬೆಳೆ ಬಂದರೆ ತಪ್ಪೇನು? ತಪ್ಪಿಲ್ಲ. ಆದರೆ ಆ ನೀರಿನೊಡನೆ ಬರುವ ಉಪ್ಪಿಗೆ ಹೊಣೆ ಯಾರು ಎಂಬ ಪ್ರಶ್ನೆಗೆ ಮೊದಲು ಉತ್ತರ ಬೇಕು.

ಭೂಗರ್ಭದ ಕಲ್ಲಿದ್ದಲಿನ ಪದರಗಳಲ್ಲಿ ಮೀಥೇನ್ ಅನಿಲವನ್ನು ನೀರಿನ ಒತ್ತಡವೇ ಹಿಡಿದಿಟ್ಟಿರುತ್ತದೆ. ನೀರನ್ನು ಮೇಲೆತ್ತಿ ಒತ್ತಡ ತಗ್ಗಿಸಿದರಷ್ಟೇ ಅನಿಲ ಹೊರಬರುತ್ತದೆ. ಹೀಗೆ ಬರುವ ನೀರಿನಲ್ಲಿ ಸಾಮಾನ್ಯವಾಗಿ ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚು. ಸೋಡಿಯಂ ಜೇಡಿಮಣ್ಣಿನ ಕಣಗಳಿಗೆ ಅಂಟಿದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹೊರದೂಡುತ್ತದೆ. ಆಗ ಮಣ್ಣಿನ ಹೆಂಟೆ ಕದಡಿ, ರಂಧ್ರಗಳು ಮುಚ್ಚಿಕೊಂಡು, ನೀರು ಕೆಳಗಿಳಿಯದ ಸ್ಥಿತಿ ಉಂಟಾಗುತ್ತದೆ. ಎರೆಮಣ್ಣಿಗೆ ಈ ಅಪಾಯ ಇನ್ನೂ ಹೆಚ್ಚು. ಕೆಟ್ಟ ಭೂಮಿಯನ್ನು ಜಿಪ್ಸಮ್ ಹಾಕಿ ಸುಧಾರಿಸಬಹುದು; ಅದಕ್ಕೆ ವರ್ಷಗಳೂ ಹಣವೂ ಬೇಕು.

ಅಮೆರಿಕದ ವಯೋಮಿಂಗ್ ಮತ್ತು ಮೊಂಟಾನಾ ರಾಜ್ಯಗಳಿಗೆ ಸೇರಿದ ಪೌಡರ್ ನದಿ ಕಣಿವೆ ಈ ಪಾಠವನ್ನು ಕಲಿತಿದೆ. ಮೇಲಿನ ವಯೋಮಿಂಗ್‌ನಲ್ಲಿ ಅನಿಲ ಬಾವಿಗಳ ಸಂಖ್ಯೆ ಏರತೊಡಗಿದಾಗ ಕೆಳಗಿನ ಮೊಂಟಾನಾದ ನೀರಾವರಿ ರೈತರು ಆತಂಕಗೊಂಡರು. ಮೊಂಟಾನಾ 2003ರಲ್ಲಿ ನದಿ ನೀರಿನ ಲವಣಾಂಶಕ್ಕಷ್ಟೇ ಅಲ್ಲ, ಸೋಡಿಯಂ ಅನುಪಾತಕ್ಕೂ ಮಿತಿ ವಿಧಿಸಿತು. ಮುಂದೆ ಅನಿಲದ ಬೆಲೆ ಕುಸಿದಾಗ ಹಲವು ಕಂಪೆನಿಗಳು ದಿವಾಳಿಯಾದವು. ವಯೋಮಿಂಗ್‌ನಲ್ಲಿ ಸಾವಿರಾರು ಬಾವಿಗಳು ವಾರಸುದಾರರಿಲ್ಲದೆ ಉಳಿದು, ಅವನ್ನು ಮುಚ್ಚುವ ಹೊಣೆ ಸರ್ಕಾರದ ಹೆಗಲೇರಿತು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಇನ್ನೊಂದು ದಾರಿ ಹಿಡಿಯಿತು. ನೀರನ್ನು ತೆರೆದ ಕೊಳಗಳಲ್ಲಿ ಇಂಗಿಸಿ ಆವಿಯಾಗಿಸುವ ಪದ್ಧತಿಗೆ ಅಲ್ಲಿನ ಸರ್ಕಾರ 2010ರಿಂದ ಕಡಿವಾಣ ಹಾಕಿತು. ಈಗ ಸುರಾತ್ ಜಲಾನಯನದಲ್ಲಿ ನೀರನ್ನು ಆರ್‌ಒ ವಿಧಾನದಿಂದ ಸಂಸ್ಕರಿಸಿ ಬೆಳೆಗೆ ಕೊಡಲಾಗುತ್ತದೆ. ಇದು ಮೆಚ್ಚತಕ್ಕ ಕ್ರಮವೇ. ಆದರೆ ನಮ್ಮ ಅಡುಗೆಮನೆಯ ಆರ್‌ಒ ಯಂತ್ರ ಶುದ್ಧ ನೀರಿನ ಜೊತೆಗೆ ಕೊಳವೆಯಲ್ಲಿ ಬೇರೆ ನೀರನ್ನೂ ಹೊರಬಿಡುವುದನ್ನು ಎಲ್ಲರೂ ನೋಡಿದ್ದೇವೆ. ಉಪ್ಪು ಮಾಯವಾಗುವುದಿಲ್ಲ, ಒಂದೆಡೆ ಸಾಂದ್ರವಾಗುತ್ತದೆ, ಅಷ್ಟೆ. ಈ ಉದ್ಯಮದ ಆಯುಷ್ಯದಲ್ಲಿ ಅಲ್ಲಿ ಲಕ್ಷಾಂತರ ಟನ್ ಉಪ್ಪು ಶೇಖರವಾಗಲಿದ್ದು, ಅದರ ಅಂತಿಮ ವಿಲೇವಾರಿ ಬಹುಕಾಲದಿಂದ ವಿವಾದದ ವಿಷಯ.

ಇದು ಪರದೇಶದ ಸಂಗತಿಯೆಂದು ಸುಮ್ಮನಿರುವಂತಿಲ್ಲ. ಕಲ್ಲಿದ್ದಲು ಮೀಥೇನ್ ನೀತಿಯನ್ನು ಭಾರತ 1997ರಲ್ಲೇ ರೂಪಿಸಿತು. ರಾಣಿಗಂಜ್, ಸೊಹಾಗ್‌ಪುರಗಳಲ್ಲಿ ಅನಿಲ ತೆಗೆಯಲಾಗುತ್ತಿದೆ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ಆದರೆ ಭೂಮಿ ಸವುಳಾಗುವುದೆಂದರೇನೆಂದು ನಮಗೆ ಗೊತ್ತು. ತುಂಗಭದ್ರಾ ಅಚ್ಚುಕಟ್ಟಿನ ಎರೆಹೊಲವೊಂದರ ಬದುವಿನ ಮೇಲೆ ನಿಂತು, ನೆಲದ ಮೇಲೆ ಹರಡಿದ್ದ ಬಿಳಿಯ ಪದರವನ್ನು ನಾನು ನೋಡಿದ್ದೇನೆ. ‘ಇಲ್ಲಿ ನಮ್ಮಪ್ಪ ಜೋಳ ಬೆಳೀತಿದ್ರೀ’ ಎಂದ ಆ ಹೊಲದ ಒಡೆಯನ ದನಿಯಲ್ಲಿ ದೂರಿರಲಿಲ್ಲ, ದಣಿವಿತ್ತು. ಅಲ್ಲಿ ಹರಿದದ್ದು ಉಪ್ಪುನೀರಲ್ಲ, ನದಿಯ ಸಿಹಿನೀರು. ಬಸಿಗಾಲುವೆಗಳಿಲ್ಲದೆ ಮಿತಿಮೀರಿ ಹರಿದ ಸಿಹಿನೀರೇ ಇಷ್ಟು ಮಾಡಬಲ್ಲುದಾದರೆ, ಸೋಡಿಯಂ ತುಂಬಿದ ನೀರಿನ ವಿಷಯದಲ್ಲಿ ಉದಾಸೀನ ಸಲ್ಲದು.

ಆದ್ದರಿಂದ ಮರುಬಳಕೆ ಬೇಡವೆಂಬುದು ನನ್ನ ವಾದವಲ್ಲ. ಷರತ್ತಿಲ್ಲದ ಮರುಬಳಕೆ ಬೇಡ. ನೀರು ಕೊಡುವ ಮುನ್ನ ಆಯಾ ಹೊಲದ ಮಣ್ಣಿನ ಪರೀಕ್ಷೆ ನಡೆಯಬೇಕು. ನೀರಿನ ಸೋಡಿಯಂ ಪ್ರಮಾಣವನ್ನು ರೈತನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಉಳಿದ ಉಪ್ಪಿನ ವಿಲೇವಾರಿಗೂ ಭೂಮಿಯ ಪುನಶ್ಚೇತನಕ್ಕೂ ಬೇಕಾಗುವ ಹಣವನ್ನು ಕಂಪೆನಿ ಮುಂಗಡವಾಗಿ ಠೇವಣಿ ಇಡಬೇಕು. ಅನಿಲದ ಬಾವಿ ಕೆಲವೇ ದಶಕಗಳಲ್ಲಿ ಬರಿದಾಗುತ್ತದೆ. ಅದರ ಪಕ್ಕದ ಹೊಲ ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಅನ್ನ ಕೊಡಬೇಕಾಗಿದೆ.